ಉಬಾಲ್ದೊ ಮನೆಯ ಅಲೆ

ಶವಸಂಸ್ಕಾರ ಮುಗಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅಂಕೋನಾದಿಂದ ಫೋನು ಬಂತು.

ಮಾಮೂಲಿ ಎಂದರೆ ಯಾರೂ ಊಟ ತಂದುಕೊಡದ ಬೆಳಿಗ್ಗೆ. ನೆಂಟರೆಲ್ಲ ಹೊರಟುಹೋಗಿದ್ದರು. ರೊಟ್ಟಿ ಅಂಗಡಿಯವಳು ಮುಖ ನೋಡದೆ, ಯಾವಾಗಿನದಕ್ಕಿಂತ ಚಿಕ್ಕ ರೊಟ್ಟಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಚೌಕದ ಗೋಡೆಯ ಮೇಲೆ ಕಪ್ಪು ಅಂಚಿನ ಕಾಗದದಲ್ಲಿ ನೆವಿಯೊನ ಫೋಟೊ, ಹೆಸರು, ವಯಸ್ಸು ಇನ್ನೂ ಇದ್ದವು. ಅದರ ಅರ್ಧದ ಮೇಲೆ ಯಾರೋ ಕಡಲಚಿಪ್ಪಿನ ಊಟದ ಹಬ್ಬದ ಜಾಹೀರಾತು ಅಂಟಿಸಿದ್ದರು. ಗಲ್ಲದಿಂದ ಕೆಳಗೆ ನೆವಿಯೊ ಹಬ್ಬವಾಗಿದ್ದ. ಅವನು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದ ಎಂದು ಆಂಬ್ರಾಗೆ ಅನ್ನಿಸಿತು. ಅನ್ನಿಸಿತು, ಅಷ್ಟೇ. ಅವಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

"ಸಿಗ್ನೊರ್ ನೆವಿಯೊ ಇದಾರಾ?" ಫೋನಿನಲ್ಲಿ ಹೆಂಗಸಿನ ದನಿ.

"ಇಲ್ಲ."

"ಯಾವಾಗ ಸಿಗ್ತಾರೆ?"

ಆಂಬ್ರಾ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.

"ಸಿಗಲ್ಲ," ಅಂದಳು. "ನಾನು ಅವರ ಹೆಂಡತಿ. ಏನು ಹೇಳಿ."

ಸಣ್ಣ ಉದ್ದಿಮೆಗಳ ಕಚೇರಿಯ ಕಾರ್ಲೊನಿ ಅನ್ನುವವರು ಅವರು. ಮಂಗಳವಾರ ಪರಿಶೀಲನೆಗೆ ಬರುವವರಿದ್ದರು. "ಐದೂ ಮನೆಯವರು ಒಂದೇ ಕಡೆ ಸೇರಿರಬೇಕು. ಪ್ರತಿ ಮನೆಯಿಂದ ಮುಗಿಸಿದ ವಾದ್ಯ ಒಂದೊಂದು. ಅರ್ಜೀಲಿ ನೀವೇ ಹಾಗೆ ಬರೆದಿದೀರಿ. ಮತ್ತೆ, ಒಂದು ಮನೆಯ ಅರಿವು ಇನ್ನೊಂದು ಮನೆಗೆ ಹೇಗೆ ಹರಿಯುತ್ತೆ ಅನ್ನೋದನ್ನ ನಾನು ಕಣ್ಣಾರೆ ನೋಡಬೇಕು. ಬ್ರಸೆಲ್ಸ್‌ನವರು ಕೇಳೋದೇ ಅದು."

"ಸರಿ," ಅಂದಳು ಆಂಬ್ರಾ. ಆ ವಾಕ್ಯವನ್ನು ಅರ್ಜಿಯಲ್ಲಿ ಬರೆದವಳು ಅವಳೇ. ಬರೆಯುವಾಗ ಪಕ್ಕದಲ್ಲಿ ನೆವಿಯೊ ಸೇಬು ತಿನ್ನುತ್ತ, "ಹರಿಯುತ್ತೆ ಅಂತ ಬರಿ, ಚೆನ್ನಾಗಿರುತ್ತೆ, ನಲ್ಲಿ ನೀರಿನ ಥರ," ಅಂದಿದ್ದ.

ಈ ಊರಿನಲ್ಲಿ ಏನೂ ಹರಿಯುತ್ತಿರಲಿಲ್ಲ. ಗುಡ್ಡದ ಮೇಲಿನ ಊರು; ಅಜ್ಜಂದಿರ ಕಾಲದಿಂದ ಅಕಾರ್ಡಿಯನ್ ಕಟ್ಟುವ ಊರು. ಹಿಂದೆ ಬೀದಿಗೆ ನಾಲ್ಕು ಕಾರ್ಖಾನೆ ಇದ್ದವಂತೆ, ಈಗ ಉಳಿದಿದ್ದು ಬೆರಳೆಣಿಕೆಯ ಮನೆಗಳು. ದೂರದ ದೇಶದ ದೊಡ್ಡ ಕಾರ್ಖಾನೆಗಳು ಒಂದು ವಾರದಲ್ಲಿ ಮಾಡಿ ಬಿಸಾಕುವಷ್ಟು ವಾದ್ಯಗಳನ್ನು ಇಲ್ಲಿನ ಮನೆ ಒಂದು ವರ್ಷ ಕೂತು ಮಾಡುತ್ತಿತ್ತು. ಮರ ಮತ್ತು ಲೋಹವನ್ನು ಕೂದಲೆಳೆಯಷ್ಟು ನಿಖರವಾಗಿ ಕತ್ತರಿಸುವ ಯಂತ್ರವೊಂದು ಬಂದರೆ ಉಸಿರಾಡಬಹುದಿತ್ತು. ಅದನ್ನು ಒಂದೇ ಮನೆ ಕೊಳ್ಳುವುದು ಕನಸಿನ ಮಾತು. ಯುರೋಪಿನ ಯೋಜನೆಯೊಂದು ಸಣ್ಣ ಮನೆಗಳಿಗೆ ನೆರವು ಕೊಡುತ್ತಿತ್ತು, ಆದರೆ ಒಂದು ಷರತ್ತಿನ ಮೇಲೆ: ಐದು ಮನೆ ಒಟ್ಟಾಗಬೇಕು, ನಾಲ್ಕಾದರೆ ಇಲ್ಲ. ಯಂತ್ರ ಹಂಚಿಕೊಳ್ಳಬೇಕು, ಹೊರದೇಶದ ಮೇಳದಲ್ಲಿ ಒಂದೇ ಮಳಿಗೆ ಹಾಕಬೇಕು, ತಿಳಿದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಡಬೇಕು.

ಯಂತ್ರ ಬರದಿದ್ದರೆ ಈ ವರ್ಷದ ಕೊನೆಗೆ ಮಾವನ ಮನೆಯ ಬಾಗಿಲು ಮುಚ್ಚುತ್ತದೆ. ಅದು ಆಂಬ್ರಾಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಅವಳಿಗೆ ಇಂಥ ಯೋಜನೆಗಳು ಹೊಸವಲ್ಲ. ಅಂಕೋನಾದಲ್ಲಿ ಅರ್ಥಶಾಸ್ತ್ರ ಓದಿ, ಅಲ್ಲೇ ವಾಣಿಜ್ಯ ಸಂಘದ ಕಿಟಕಿಯ ಹಿಂದೆ ಕೂತು ಚಪ್ಪಲಿ ಹೊಲಿಯುವವರಿಗೂ ಪೀಠೋಪಕರಣ ಮಾಡುವವರಿಗೂ ಅರ್ಜಿ ವಿವರಿಸುವುದೇ ಅವಳ ಕೆಲಸವಾಗಿತ್ತು. ನೆವಿಯೊ ಸಿಕ್ಕಿದ್ದು ಅಲ್ಲಿಯೇ. ಬೆಳಗ್ಗೆಯೆಲ್ಲ ಮೀನುಗಾರರ ಸಾಲಿನಲ್ಲಿ ನಿಂತು, ದೋಣಿ ರಿಪೇರಿಯ ನೆರವಿನ ಅರ್ಜಿ ಕೈಯಲ್ಲಿ ಹಿಡಿದು ಬಂದಿದ್ದ. "ಇದು ನಿಮ್ಮದಲ್ಲ," ಅಂದಿದ್ದಳು ಅವಳು. "ಗೊತ್ತಾಯ್ತು," ಅಂದಿದ್ದ ಅವನು, "ಆದರೆ ಮುಂದಿದ್ದ ಅಜ್ಜ ಕಥೆ ಹೇಳ್ತಿದ್ದ, ಅರ್ಧಕ್ಕೆ ಬಿಟ್ಟು ಹೇಗೆ ಬರಲಿ?"

ಅಂಥವನು. ಅಂಕೋನಾ ರಸ್ತೆಯ ತಿರುವಿನಲ್ಲಿ, ಮಳೆ ಬಿದ್ದ ಮಧ್ಯಾಹ್ನ, ಒಂದು ಲಾರಿ. ಅದರ ಬಗ್ಗೆ ಹೇಳುವುದು ಇನ್ನೇನೂ ಇಲ್ಲ.

*

ಕೆಳಗಿನ ಕೆಲಸದ ಮನೆಯಲ್ಲಿ ಸೆತ್ತಿಮಿಯೊ ಆಗಲೇ ಕಿಟಕಿಗಳನ್ನು ತೆರೆದು, ಮೇಣ ಕಾಯಿಸಲು ಇಟ್ಟಿದ್ದ. ಅವಳ ಮಾವ. ಎಪ್ಪತ್ತು ದಾಟಿದ ಮೇಲೂ ಬೆನ್ನು ಬಾಗಿರಲಿಲ್ಲ. ಅವಳೂ ಅವನನ್ನು ನೆವಿಯೊ ಕರೆಯುತ್ತಿದ್ದ ಹಾಗೆ ಬಾಬ್ಬೊ ಎಂದೇ ಕರೆಯುತ್ತಿದ್ದಳು.

"ಬಾಬ್ಬೊ, ಮಂಗಳವಾರ ಬರ್ತಾರಂತೆ."

"ಯಾರು?"

"ಕಚೇರಿಯವರು. ನಮ್ಮ ಸ್ಪರ್ಧಾ ಸಾಮರ್ಥ್ಯ ನೋಡೋಕೆ."

"ಯಾರ ಜೊತೆ ಸ್ಪರ್ಧೆ? ಐದರಲ್ಲಿ ಮೂರು ಜನಕ್ಕೆ ಮೆಟ್ಟಿಲು ಹತ್ತೋಕಾಗಲ್ಲ." ಅವನು ಮೇಣವನ್ನು ಕಡ್ಡಿಯಿಂದ ಕಲಕಿದ. "ಬರಬೇಡಿ ಅಂತ ಹೇಳಿಬಿಡು ದೊತ್ತೊರೆಸ್ಸ."

ಓದಿದವಳು ಎಂದು ಮದುವೆಯ ಮೊದಲ ದಿನದಿಂದ ಅವನು ಅವಳನ್ನು ಹಾಗೆ ರೇಗಿಸುತ್ತಿದ್ದ. ಇವತ್ತು ಅದರಲ್ಲಿ ರೇಗಿಸುವಿಕೆ ಇರಲಿಲ್ಲ.

"ಯಾಕೆ?"

"ಉಬಾಲ್ದೊ ಬಿಟ್ಟ. ಈಗ ನಾಲ್ಕೇ ಮನೆ."

"ಯಾವಾಗ?"

"ಸ್ಮಶಾನದ ಗೇಟಲ್ಲಿ. ಕೈ ಹಿಡ್ಕೊಂಡು ಅತ್ತ. ಆಮೇಲೆ, 'ಸೆತ್ತಿಮಿಯೊ, ನಾನು ರುಜು ಹಾಕಿದ್ದು ಹುಡುಗನ ಮುಖ ನೋಡಿ, ಈಗ ನನ್ನ ಬಿಟ್ಟುಬಿಡು' ಅಂದ. ನಮ್ಮ ಮನೆ ಮುಂದೆ ಬಂದು ಈ ಬಾಗಿಲ ಹತ್ರ ಎಷ್ಟೋ ಹೊತ್ತು ನಿಂತಿದ್ದ. ಒಳಗೆ ಬಾ ಅಂತ ನಾನೂ ಕರೀಲಿಲ್ಲ, ಬರ್ತೀನಿ ಅಂತ ಅವನೂ ಅನ್ನಲಿಲ್ಲ. ಹೋದ."

ಕರೆಯದೇ ಇದ್ದದ್ದು ಒರಟುತನವಲ್ಲ, ಊರಿನ ನಡೆ. ಇಲ್ಲಿ ಮದುವೆ, ಸಾವು, ಇಸ್ಪೀಟು ಎಲ್ಲಕ್ಕೂ ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ; ಶ್ರುತಿ ಕೂಡಿಸುವ ಕೋಣೆಗೆ ಮಾತ್ರ ಕಾಲಿಡುವುದಿಲ್ಲ. ಅಕಾರ್ಡಿಯನ್ನಿನ ಒಳಗೆ ಪ್ರತಿ ಸ್ವರಕ್ಕೂ ಎರಡೆರಡು ಉಕ್ಕಿನ ನಾಲಿಗೆಗಳು. ಎರಡನ್ನೂ ಒಂದೇ ಶ್ರುತಿಗೆ ಕೂಡಿಸಿದರೆ ದನಿ ಸತ್ತ ಹಾಗಿರುತ್ತದೆ. ಒಂದನ್ನು ಚೂರೇ ಚೂರು ತಪ್ಪಿಸಿದರೆ ದನಿ ಅಲೆಯಾಗಿ ಅಲುಗುತ್ತದೆ. ಎಷ್ಟು ತಪ್ಪಿಸಬೇಕು ಅನ್ನುವುದು ಮನೆಮನೆಯ ಗುಟ್ಟು. ಸೆತ್ತಿಮಿಯೊ ಮನೆಯ ಅಲೆ ನಿಧಾನ, ಊಟ ಮಾಡಿ ಮಲಗಿದವನ ಎದೆಯ ಹಾಗೆ. ಉಬಾಲ್ದೊ ಮನೆಯದು ಚುರುಕು. ಊರಿನ ಮಕ್ಕಳು ಕೂಡ ಕಿಟಕಿಯಿಂದ ಬಂದ ಒಂದು ಸ್ವರ ಕೇಳಿ ಇದು ಯಾರ ಮನೆಯದು ಎಂದು ಹೇಳಬಲ್ಲರು. ಆ ಅಲೆಯನ್ನು ಹಿಡಿದಿಟ್ಟ ಮಾದರಿ ಪಟ್ಟಿ, ಅಂಗೈ ಉದ್ದದ ಅಕ್ರೋಟು ಮರದ ತುಂಡಿಗೆ ಮೇಣದಲ್ಲಿ ಕೂರಿಸಿದ ನಾಲಿಗೆಗಳು, ಪ್ರತಿ ಮನೆಯಲ್ಲೂ ಒಂದಿರುತ್ತದೆ. ಅದನ್ನು ಮಗಳ ಗಂಡನಿಗೂ ತೋರಿಸುವುದಿಲ್ಲ.

ಇಂಥ ಊರಿನ ಐದು ಮನೆಗಳಿಂದ ನೆವಿಯೊ ರುಜು ಹಾಕಿಸಿದ್ದ. ಹೇಗೆ ಎಂದು ಆಂಬ್ರಾ ಕೇಳಿದ್ದಕ್ಕೆ, "ಕಾಫಿ ಕುಡಿಸಿ," ಅಂದಿದ್ದ.

*

ಆಂಬ್ರಾ ಅವತ್ತೇ ಉಬಾಲ್ದೊ ಮನೆಗೆ ಹೋದಳು. ಅವನು ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದ. ದಪ್ಪ ಮೀಸೆ, ಕೆಂಪು ಕೆನ್ನೆ, ಅವಳ ಕಣ್ಣಿನ ಬದಲು ತುಟಿಗಳ ಮೇಲೇ ನೆಟ್ಟ ನೋಟ.

"ಸಿಗ್ನೊರ್ ಉಬಾಲ್ದೊ, ಮಂಗಳವಾರ ಬಂದು ಕೂತರೆ ಸಾಕು. ಮಾತು ನಾನಾಡ್ತೀನಿ."

"ವಾದ್ಯ ಬೇಕಂತಲ್ಲ. ಮುಗಿಸಿದ ವಾದ್ಯ."

"ನಿಮ್ಮ ಮನೇಲಿ ಒಂದೂ ಇಲ್ವಾ?"

"ಇಲ್ಲ." ಅವನ ಮುಖ ಇನ್ನಷ್ಟು ಕೆಂಪಾಯಿತು. "ಮುಗಿದಿಲ್ಲ. ಮುಗಿಯೋದೂ ಇಲ್ಲ. ನಾನು ಮುದುಕ, ನನಗೆ ಯಂತ್ರ ಗಿಂತ್ರ ಬೇಡ. ಹುಡುಗ ಇದ್ದ, ಕೇಳಿದ, ಹೂಂ ಅಂದೆ. ಈಗ ಹುಡುಗ ಇಲ್ಲ."

"ನೀವು ಬಿಟ್ಟರೆ ನಾಲ್ಕೇ ಆಗ್ತೀವಿ. ನಮ್ಮ ಮನೆ ಮುಚ್ಚುತ್ತೆ."

ಅವನು ತಲೆ ತಗ್ಗಿಸಿದ. ಏನೋ ಕೇಳಬೇಕೆಂದು ಬಾಯಿ ತೆರೆದ. ಕೇಳಲಿಲ್ಲ. ಒಳಗೆ ಹೋಗಿಬಿಟ್ಟ.

ಅವಳು ತಿರುಗಿ ಹೊರಟಾಗ ಅಡುಗೆಮನೆಯ ಕಿಟಕಿಯಿಂದ ಅವನ ಹೆಂಡತಿ ಎಲ್ವೀರಾ ಕೈ ಚಾಚಿ, ಬಟ್ಟೆ ಮುಚ್ಚಿದ ಒಂದು ತಟ್ಟೆ ಕೊಟ್ಟಳು. ಮಾಂಸ ಹಾಕಿ ಪದರಪದರವಾಗಿ ಬೇಯಿಸಿದ ಪಾಸ್ತಾ, ವಿನ್ಚಿಸ್‌ಗ್ರಾಸ್ಸಿ, ಇನ್ನೂ ಬಿಸಿ.

"ತಿನ್ನು ಕಂದಾ. ಕೋಳಿ ಕರುಳು ಜಾಸ್ತಿ ಹಾಕಿದೀನಿ, ಅವನಿಗೆ ಇಷ್ಟ ಅಂತ." ತಡೆದು ಹೇಳಿದಳು: "ನೆವಿಯೊಗೆ. ಕೈ ಅಭ್ಯಾಸ ಎಲ್ಲಿ ಹೋಗುತ್ತೆ."

ನೆವಿಯೊ ಈ ಅಡುಗೆಮನೆಯಲ್ಲಿ ಯಾವಾಗ ಊಟ ಮಾಡಿದ ಎಂದು ಆಂಬ್ರಾ ದಾರಿಯುದ್ದಕ್ಕೂ ಯೋಚಿಸಿದಳು.

*

ಉತ್ತರ ಸಿಕ್ಕಿದ್ದು ಮರುದಿನ, ನೆವಿಯೊನ ಮೇಜಿನ ಕೆಳಗಿನ ಖಾನೆಯಲ್ಲಿ. ಮಂಗಳವಾರಕ್ಕೆಂದು ಅವನ ಮೂಲೆಯನ್ನು ಒಪ್ಪ ಮಾಡಲು ಕೂತಿದ್ದಳು. ಅರಗಳು, ಚಿಮಟ, ಅರ್ಧ ತಿಂದು ಸುತ್ತಿಟ್ಟ ಚಾಕೊಲೇಟು. ಅದರ ಹಿಂದೆ ಉಣ್ಣೆ ಬಟ್ಟೆಯಲ್ಲಿ ಒಂದು ಮಾದರಿ ಪಟ್ಟಿ. ಪಟ್ಟಿಯ ಕೆಳಗೆ, ಒಂದು ಪೂರ್ತಿ ವಾದ್ಯಕ್ಕೆ ಆಗುವಷ್ಟು ನಾಲಿಗೆ ಪಟ್ಟಿಗಳು. ಎಲ್ಲದರ ಮೇಲೂ ಸುಟ್ಟು ಒತ್ತಿದ ಎರಡು ಬಾದಾಮಿ ಎಲೆ. ಉಬಾಲ್ದೊ ಮನೆಯ ಗುರುತು.

ಸೆತ್ತಿಮಿಯೊ ಮಾದರಿಯನ್ನು ನಾಲಿಗೆಗೆ ಗಾಳಿ ಊದುವ ತಿದಿಯ ಮೇಜಿಗೆ ಕೂರಿಸಿ, ಕಾಲಿನಿಂದ ತಿದಿ ಒತ್ತಿದ. ಒಂದೇ ಸ್ವರ. ಚುರುಕು ಅಲೆ ಕೋಣೆ ತುಂಬಿತು. ಅವನು ಎದ್ದು ಹೋಗಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದ.

"ಕದ್ದಿದಾನೆ," ಅಂದ.

"ಬಾಬ್ಬೊ!"

"ಇನ್ನೇನು? ಇದನ್ನ ಯಾರು ಕೊಡ್ತಾರೆ? ಸಾಯೋವಾಗ ನನ್ನಪ್ಪ ನನಗೆ ಕೊಟ್ಟ ನಮ್ಮದನ್ನ, ಅದೂ ಪಾದ್ರಿ ಹೊರಗೆ ಹೋದಮೇಲೆ." ಅವನು ಪಟ್ಟಿಯನ್ನು ಮತ್ತೆ ಉಣ್ಣೆ ಬಟ್ಟೆಯಲ್ಲಿ ಸುತ್ತಿದ. "ಅದಕ್ಕೇ ಆ ಮುದುಕ ಬಾಗಿಲಲ್ಲಿ ನಿಂತಿದ್ದ. ಗೊತ್ತಾಗಿದೆ ಅವನಿಗೆ. ಸತ್ತವನ ಮೇಲೆ ಕಳ್ಳತನ ಹೊರಿಸಬಾರದು ಅಂತ ಸುಮ್ಮನಿದಾನೆ. ಈಗ ತಗೊಂಡು ಹೋಗಿ ಕೊಟ್ಟರೆ ನಾವೇ ಒಪ್ಕೊಂಡ ಹಾಗೆ. ಒಲೆಗೆ ಹಾಕು."

"ಹಾಕಲ್ಲ."

"ಹಾಕು ಅಂದೆ!"

"ನೆವಿಯೊ ಚಾಕೊಲೇಟು ತಿಂದ್ರೂ ನನಗೆ ಅರ್ಧ ಎತ್ತಿಡ್ತಿದ್ದ. ಅವನು ಕದೀತಾನಾ? ಇವನ್ನ ಮೊದಲು ಸರಿಯಾಗಿ ನೋಡಿ." ಅವಳು ನಾಲಿಗೆ ಪಟ್ಟಿಗಳನ್ನು ಅವನ ಮುಂದಕ್ಕೆ ತಳ್ಳಿದಳು. "ಕದಿಯೋನು ಮಾದರಿ ಕದೀತಾನೆ. ಇನ್ನೊಬ್ಬರ ಅರ್ಧ ಆದ ಕೆಲಸ ಹೊತ್ಕೊಂಡು ಬರ್ತಾನಾ?"

ಸೆತ್ತಿಮಿಯೊ ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ಕೂತ. ಶ್ರುತಿ ಕೂಡಿಸುವಾಗ ಉಕ್ಕಿನ ನಾಲಿಗೆಯನ್ನು ಅರದಿಂದ ಕೂದಲಷ್ಟು ಕೆರೆಯುತ್ತಾರೆ. ಆ ಗೆರೆ ಉಳಿಯುತ್ತದೆ. ಅವನು ತಗ್ಗಿನ ಸ್ವರಗಳನ್ನು ನೋಡಿದ, ನಡುವಿನದನ್ನು ನೋಡಿದ, ಮೇಲಿನದಕ್ಕೆ ಬಂದ. ಅಲ್ಲಿ ನಿಂತ. ಮತ್ತೆ ಹಿಂದಕ್ಕೆ ಹೋದ.

"ಕೆಳಗಿನವು ಉಬಾಲ್ದೊ ಕೈಯವು," ಅಂದ ಮೆಲ್ಲಗೆ. "ಇಲ್ಲಿಂದ ಮೇಲೆ ಗೆರೆ ಎಡಕ್ಕೆ ವಾಲಿದೆ ನೋಡು. ಎಡಗೈಯವನದು. ಈ ಊರಲ್ಲಿ ಎಡಗೈಯಲ್ಲಿ ಅರ ಹಿಡಿಯೋನು ಒಬ್ಬನೇ ಇದ್ದ."

ಮೇಲಿನ ಕೊನೆಯ ಹಲವು ನಾಲಿಗೆಗಳ ಮೇಲೆ ಯಾವ ಗೆರೆಯೂ ಇರಲಿಲ್ಲ. ಅಲ್ಲಿಗೆ ಅವನು ಬಂದಿರಲಿಲ್ಲ.

ಸೆತ್ತಿಮಿಯೊ ಭೂತಗನ್ನಡಿ ತೆಗೆದ. ಆಮೇಲೆ ಅವನ ಭುಜಗಳು ಕುಲುಕಾಡಿದವು. ಅಳುತ್ತಿದ್ದಾನೆ ಎಂದುಕೊಂಡಳು ಆಂಬ್ರಾ. ನಗುತ್ತಿದ್ದ.

"ಕಿವಿ ಹೋಗಿದೆ! ಉಬಾಲ್ದೊ ಕಿವಿ ಹೋಗಿದೆ! ಮೇಲಿನ ಸ್ವರ ಮೊದಲು ಹೋಗೋದು. ನನ್ನ ಮಗನ್ನ ಹಿತ್ತಿಲ ಬಾಗಿಲಿಂದ ಕರೆಸಿ ಮೇಲಿನದನ್ನ ಮಾಡಿಸ್ಕೋತಿದ್ದ. ಅದಕ್ಕೇ ತಾನಾಗಿ ಮಾದರಿ ಕೊಟ್ಟಿದಾನೆ. ಈಗ ತನ್ನ ವಸ್ತು ತಾನೇ ವಾಪಸ್ ಕೇಳೋಕಾಗಲ್ಲ, ಕೇಳಿದರೆ ಗುಟ್ಟು ಹೊರಗೆ ಬೀಳುತ್ತೆ!" ಅವನು ಮೇಜು ಗುದ್ದಿದ. "ಸಿಕ್ಕಿಬಿದ್ದ ದೊತ್ತೊರೆಸ್ಸ. ಮಂಗಳವಾರ ಬರ್ತೀಯೋ, ಚೌಕದಲ್ಲಿ ಹೇಳ್ಲೋ ಅಂತ ಒಂದು ಮಾತು ಕೇಳಿದರೆ ಸಾಕು, ಓಡಿ ಬರ್ತಾನೆ."

"ಬೇಡ."

"ಮನೆ ಉಳಿಯುತ್ತೆ."

"ಗೊತ್ತು. ಬೇಡ." ಅವಳಿಗೆ ಸಿಟ್ಟೂ ಬರಲಿಲ್ಲ, ಅಷ್ಟು ಶಕ್ತಿ ಇರಲಿಲ್ಲ. "ನೆವಿಯೊ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ಇದನ್ನ ಮುಗಿಸಿ ಕೊಟ್ಟುಬಿಡೋಣ ಬಾಬ್ಬೊ. ಬಂದರೆ ಬರಲಿ, ಬರದಿದ್ದರೆ ಬಿಡಲಿ."

"ನಾನು ಉಬಾಲ್ದೊ ಅಲೆ ಕೂಡಿಸ್ಲಾ? ನಾನಾ?"

"ನಿಮ್ಮ ಮಗ ಕೂಡಿಸ್ತಿದ್ದ."

*

ಬೈಯುತ್ತಲೇ ಕೂತ. ಉಬಾಲ್ದೊನ ಉಕ್ಕಿಗೆ ಬೈದ, ಮೇಣಕ್ಕೆ ಬೈದ, "ಇಷ್ಟು ಚುರುಕು ಅಲೆ ಯಾಕೆ ಬೇಕು ಇವನಿಗೆ, ಬಸ್ಸು ತಪ್ಪಿಹೋಗುತ್ತಾ?" ಅಂದ. ಮಾದರಿಯ ಸ್ವರ ಒಮ್ಮೆ, ಹೊಸ ನಾಲಿಗೆಯ ಸ್ವರ ಒಮ್ಮೆ, ಅರದಿಂದ ಒಂದು ಎಳೆತ, ಮತ್ತೆ ತಿದಿ. ಮೊದಲನೆಯದು ಮುಗಿಯಿತು.

"ಆಯ್ತು," ಅಂದ ಸೆತ್ತಿಮಿಯೊ.

ಪಕ್ಕದಲ್ಲಿ ಪಟ್ಟಿಗಳನ್ನು ಎತ್ತಿಕೊಡುತ್ತಿದ್ದ ಆಂಬ್ರಾ ತಲೆ ಎತ್ತಿದಳು. ಅವಳು ಈ ಕೆಲಸ ಯಾವತ್ತೂ ಮಾಡಿದವಳಲ್ಲ. ಆದರೆ ಮಾದರಿಯ ಅಲೆ ಒಂದು, ಈಗ ಕೇಳಿದ್ದು ಇನ್ನೊಂದು.

"ಬಾಬ್ಬೊ, ಇನ್ನೂ ಕೂಡಿಲ್ಲ ಅನ್ಸುತ್ತೆ."

"ಏನು ಕೂಡಿಲ್ಲ?"

"ಅದು ಬೇಗ ಬೇಗ ಹೊಡ್ಕೊಳ್ಳುತ್ತೆ. ಇದು ನಿಧಾನ."

"ಐವತ್ತು ವರ್ಷದಿಂದ ಈ ಮೇಜಲ್ಲಿ ಕೂತಿದೀನಿ. ಅಂಕೋನಾ ಪದವೀಲಿ ಇದನ್ನೂ ಕಲಿಸ್ತಾರಾ?"

ಅವನು ಮತ್ತೆ ತಿದಿ ಒತ್ತಿದ. ಕಿವಿ ವಾಲಿಸಿದ. ಮತ್ತೆ ಒತ್ತಿದ. ಅವನ ಮುಖದಲ್ಲಿ ಏನೋ ಸರಿಯಿತು. ಎದ್ದು, ಮಂಗಳವಾರಕ್ಕೆಂದು ಒರೆಸಿ ಸಿದ್ಧ ಮಾಡಿಟ್ಟಿದ್ದ ತನ್ನದೇ ಮನೆಯ ವಾದ್ಯವನ್ನು ತಂದ. ಮೊಳೆ ಕಿತ್ತು ತಿದಿ ಬಿಚ್ಚಿದ. ಈ ಮನೆಯಲ್ಲಿ ಕೊನೆಯ ಶ್ರುತಿ ಅವನದೇ. ಅವನ ಅರ ಮುಟ್ಟಿದ ಮೇಲೆ ಇನ್ಯಾರೂ ಮುಟ್ಟುವಂತಿಲ್ಲ, ಮಗನೂ ಮುಟ್ಟುವಂತಿಲ್ಲ.

ಭೂತಗನ್ನಡಿಯಲ್ಲಿ ಮೇಲಿನ ಸ್ವರಗಳನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಅದನ್ನು ಆಂಬ್ರಾ ಕೈಗೆ ಕೊಟ್ಟ.

ಬಲಕ್ಕೆ ವಾಲಿದ ಗೆರೆಗಳ ಮೇಲೆ, ಎಡಕ್ಕೆ ವಾಲಿದ ತೆಳ್ಳನೆಯ ಗೆರೆಗಳು.

"ನಾನು ಇಸ್ಪೀಟಿಗೆ ಹೋದ ಮೇಲೆ ಮಾಡ್ತಿದ್ದ," ಅಂದ ಸೆತ್ತಿಮಿಯೊ. "ಕೆಲಸ ಇದೆ, ನೀವು ಹೋಗಿ ಬಾಬ್ಬೊ ಅಂತಿದ್ದ. ಬೇಗ ಹೋಗಿ, ಜಾಗ ಸಿಗಲ್ಲ ಅಂತಿದ್ದ." ಅವನು ವಾದ್ಯದ ಮೇಲೆ ಅಂಗೈ ಇಟ್ಟುಕೊಂಡ. "ಎಷ್ಟು ಕಾಲದಿಂದಲೋ."

ಆಂಬ್ರಾ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ಕಳ್ಳ," ಅಂದ ಅವನು. ನಿನ್ನೆ ಮೊನ್ನೆ ನಡೆಯಲು ಕಲಿತ ಮಗು ಸಕ್ಕರೆ ಡಬ್ಬಿಗೆ ಕೈ ಹಾಕಿದಾಗ ಅನ್ನುವ ಹಾಗೆ ಅಂದ. ಮೂಗು ಒರೆಸಿಕೊಂಡ. ಅರ ಎತ್ತಿಕೊಂಡ. "ಹೇಳು. ಬೇಗಾನಾ, ನಿಧಾನಾನಾ?"

"ನಿಧಾನ."

"ಎಣಿಸಬೇಡ. ಎಣಿಸಿದರೆ ತಪ್ಪುತ್ತೆ. ಸುಮ್ಮನೆ ಉಸಿರಾಡ್ತಾ ಕೇಳು."

ಅವಳು ಕೇಳಿದಳು. ಅವನು ಕೆರೆದ. ಈಗ ಬೇಗ ಆಯಿತು ಅಂದಳು, ಅವನು ನಾಲಿಗೆಯ ಬುಡದ ಕಡೆ ಕೆರೆದು ತಗ್ಗಿಸಿದ. ಇನ್ನೊಂದು ಚೂರು. ಇನ್ನೊಂದು. ಆಮೇಲೆ ಒಂದು ಕ್ಷಣ, ಮಾದರಿಯ ಅಲೆಯೂ ಹೊಸ ಅಲೆಯೂ ಒಂದರೊಳಗೊಂದು ಹೋಗಿ ಕೂತವು. ಅವಳ ಎದೆಯ ಮೂಳೆಯ ಹಿಂದೆ, ಇಷ್ಟು ದಿನ ಏನೂ ಇರದಿದ್ದ ಜಾಗದಲ್ಲಿ, ಆ ಸ್ವರ ಅಲುಗಿದ್ದು ಅವಳಿಗೆ ಗೊತ್ತಾಯಿತು.

"ಕೂಡ್ತು," ಅಂದಳು.

"ಮುಂದಿನದು ಕೊಡು."

ಮಧ್ಯಾಹ್ನದ ಗಂಟೆ ಹೊಡೆಯಿತು. ಅವಳಿಗೆ ಹಸಿವಾಯಿತು. ಎಲ್ವೀರಾಳ ತಟ್ಟೆಯನ್ನು ಕೆಳಗೇ ತಂದು, ನಿಂತುಕೊಂಡೇ ಮುಳ್ಳುಚಮಚದಿಂದ ತಣ್ಣಗಿನದನ್ನೇ ತಿಂದಳು. ಒಂದು ತುತ್ತು ತಾನು, ಒಂದು ತುತ್ತು ಮಾವನ ಬಾಯಿಗೆ. ಅವನ ಕೈಯೆಲ್ಲ ಮೇಣವಾಗಿತ್ತು.

"ಉಬಾಲ್ದೊ ಹೆಂಡತಿ ಕೈರುಚಿ ಚೆನ್ನಾಗಿದೆ," ಅಂದ ಸೆತ್ತಿಮಿಯೊ. "ಅಲೆ ಮಾತ್ರ ಬಸ್ಸು ಹಿಡಿಯೋ ಅಲೆ."

*

ಮರುದಿನ ಬೆಳಿಗ್ಗೆ ಪಟ್ಟಿಗಳನ್ನೂ ಮಾದರಿಯನ್ನೂ ಸಂತೆಚೀಲದಲ್ಲಿ ಟವಲಿನ ಕೆಳಗೆ ಇಟ್ಟುಕೊಂಡು ಹೊರಟಳು. ಹಿತ್ತಿಲ ಓಣಿಯಿಂದ ಹೋಗು ಅಂದ ಮಾವ. ಅವಳು ಚೌಕದಿಂದಲೇ ಹೋದಳು. ಗೋಡೆಯ ಕಡೆ ನೋಡಲಿಲ್ಲ.

ಉಬಾಲ್ದೊ ಬಾಗಿಲು ತೆರೆದು, ಅವಳ ತುಟಿ ನೋಡುತ್ತ, "ಹೇಳಿದ್ನಲ್ಲ, ಬರಲ್ಲ ಅಂತ," ಅಂದ.

"ಅದಕ್ಕೆ ಬಂದಿಲ್ಲ. ನೆವಿಯೊ ನಿಮ್ಮಿಂದ ಒಂದು ವಸ್ತು ತಂದಿದ್ದ."

"ಏನೂ ತಂದಿರಲಿಲ್ಲ."

ಅವಳು ಟವಲಿನ ಅಂಚು ಎತ್ತಿದಳು. ಉಬಾಲ್ದೊ ಬೀದಿಯ ಎರಡೂ ಕಡೆ ನೋಡಿದ. ಪಕ್ಕಕ್ಕೆ ಸರಿದ. ಅವಳು ಒಳಗೆ ಹೋದಳು. ಅಡುಗೆಮನೆ ದಾಟಿ, ಸೆತ್ತಿಮಿಯೊ ಮನೆಯವರು ಮುಂಬಾಗಿಲಿಂದ ಎಂದೂ ಬಂದಿರದ ಶ್ರುತಿಯ ಕೋಣೆಗೆ. ಬೀನ್ಸ್ ಸೋಸುತ್ತಿದ್ದ ಎಲ್ವೀರಾ ಬುಟ್ಟಿಯ ಸಮೇತ ಎದ್ದು ಬಂದು ಬಾಗಿಲಲ್ಲಿ ನಿಂತಳು.

ಉಬಾಲ್ದೊ ಪಟ್ಟಿಗಳನ್ನು ಒಂದೊಂದಾಗಿ ತಿರುವಿ ನೋಡಿದ. ಮೇಲಿನದನ್ನು ತಿದಿಯ ಮೇಜಿಗೆ ಕೂರಿಸಿ ಒತ್ತಿದ. ತಾನು ಕೇಳಿಸಿಕೊಳ್ಳುವ ನಟನೆಯನ್ನೂ ಮಾಡಲಿಲ್ಲ. ಹೆಂಡತಿಯ ಮುಖ ನೋಡಿದ.

ಎಲ್ವೀರಾ ಕಣ್ಣು ಮುಚ್ಚಿದ್ದಳು. "ನಮ್ಮದೇ," ಅಂದಳು.

ಅವನು ಮುಂದಿನದನ್ನು ಒತ್ತಿದ. ಅವಳು ತಲೆಯಾಡಿಸಿದಳು. ಕೊನೆಯವರೆಗೂ ಹೋದರು ಹಾಗೆಯೇ. ಆಮೇಲೆ ಉಬಾಲ್ದೊ ಭೂತಗನ್ನಡಿ ಹಚ್ಚಿ ಗೆರೆ ನೋಡಿದ.

"ಇಲ್ಲಿಂದ ಹುಡುಗನದಲ್ಲ. ಇದು ಸೆತ್ತಿಮಿಯೊ."

"ಹೌದು."

"ಆಗೋದಿಲ್ಲ. ಅವನ ಕಿವಿ ನನ್ನದಕ್ಕಿಂತ ಕೆಟ್ಟಿದೆ. ಇಸ್ಪೀಟಲ್ಲಿ ಮೂರು ಸಲ ಕೂಗಿದರೆ ಒಂದು ಸಲ ತಿರುಗ್ತಾನೆ."

"ಕೈ ಬಾಬ್ಬೊದು. ಕಿವಿ ನನ್ನದು."

ಉಬಾಲ್ದೊ ಅವಳನ್ನು ನೋಡಿದ. ಮೊದಲ ಸಲ ಕಣ್ಣುಗಳನ್ನು ನೋಡಿದ.

"ಅವನಿಗೆ ಗೊತ್ತಾ? ನನ್ನ ವಿಷಯ?"

"ಗೊತ್ತು. ತಮ್ಮ ಕಿವಿ ವಿಷಯಾನೂ ಅವರಿಗೆ ಈಗ ಗೊತ್ತಾಯ್ತು. ನಿಮಗೆ ಮೊದಲೇ ಗೊತ್ತಿತ್ತು ಅಂತ ಮಾತ್ರ ಗೊತ್ತಿಲ್ಲ."

ಎಲ್ವೀರಾ ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡಳು. ಉಬಾಲ್ದೊನ ಮೀಸೆ ಅಲುಗಿತು. ಅವನು ಬೆಂಚಿನ ಮೇಲೆ ಕೂತ. ಬುಟ್ಟಿಯಿಂದ ಒಂದು ಬೀನ್ಸ್ ಕಾಯಿ ಕೆಳಗೆ ಬಿತ್ತು.

"ಚೌಕದಲ್ಲಿ ಹೇಳಿ ನನ್ನ ಎಳ್ಕೊಂಡು ಹೋಗಬಹುದಿತ್ತು ನೀವು," ಅಂದ.

"ಬಹುದಿತ್ತು."

"ಸೆತ್ತಿಮಿಯೊ ಹಾಗೆ ಅಂದಿರ್ತಾನೆ."

"ಅಂದರು. ಆಮೇಲೆ ಕೂತು ಅರ ಹಿಡಿದರು."

"ಬೈದನಾ?"

"ಬಸ್ಸು ಹಿಡಿಯೋ ಅಲೆ ಅಂದರು."

"ಅವನ ಅಲೆ ಹೆಣ ಕಾಯೋ ಅಲೆ," ಅಂದ ಉಬಾಲ್ದೊ. ತಕ್ಷಣ ನಾಲಿಗೆ ಕಚ್ಚಿಕೊಂಡು ಅವಳ ಮುಖ ನೋಡಿದ. ಆಂಬ್ರಾ ನಗುತ್ತಿದ್ದಳು. ಚೂರೇ ಚೂರು, ಒಂದು ಕಡೆಯ ತುಟಿಯಲ್ಲಿ.

ಅವನು ಪಟ್ಟಿಗಳನ್ನು ಜೋಡಿಸತೊಡಗಿದ. "ಆ ಕಚೇರಿ ಹೆಂಗಸಿಗೆ ಏನು ಹೇಳ್ತೀಯ? ಅರಿವು ಹರಿಯೋದು ತೋರಿಸಿ ಅಂತಾಳಂತಲ್ಲ. ನನ್ನ ಕಿವಿ ತೋರಿಸ್ತೀಯಾ?"

"ಇಲ್ಲ. ಒಂದು ಮನೆ ಕೆಲಸಾನ ಇನ್ನೊಂದು ಮನೆಯವರು ಕೇಳಿ ನೋಡ್ತಾರೆ ಅಂತೀನಿ. ಇನ್ನು ಮುಂದೆ ಐದೂ ಮನೆಯ ಮೇಲಿನ ಸ್ವರ ನಾನು ಕೇಳ್ತೀನಿ ಅಂತೀನಿ. ಮುಂಬಾಗಿಲಿಂದ ಬಂದು."

"ಅಷ್ಟು ಸಾಕಾ ಬ್ರಸೆಲ್ಸ್‌ನವರಿಗೆ?"

"ಅವರ ಭಾಷೇಲಿ ಬರೆಯೋಕೆ ನನಗೆ ಬರುತ್ತೆ."

ಉಬಾಲ್ದೊ ಹ್ಞೂಂ ಅಂದ. ಮೀಸೆ ತಿರುವಿದ. "ಮಂಗಳವಾರ ಎಷ್ಟು ಹೊತ್ತಿಗೆ?"

"ಹತ್ತಕ್ಕೆ."

"ಒಂಬತ್ತಕ್ಕೇ ಬರ್ತೀನಿ. ಇಲ್ಲದಿದ್ರೆ ಆ ಮುದುಕ ನನ್ನ ವಾದ್ಯಾನ ಕಕ್ಕಸಿನ ಪಕ್ಕ ಇಡ್ತಾನೆ." ಮೇಜಿನ ಮೇಲೆ ಉಳಿದಿದ್ದ ಮಾದರಿ ಪಟ್ಟಿಯನ್ನು ಬೆರಳಿನಿಂದ ಅವಳ ಕಡೆ ಸರಿಸಿದ. "ಇದು ನಿನ್ನ ಹತ್ರಾನೇ ಇರಲಿ. ಮತ್ತೆ ಬೇಕಾಗುತ್ತಲ್ಲ."

"ಬೇಕಾಗುತ್ತೆ," ಅಂದಳು ಆಂಬ್ರಾ. "ಆದರೆ ಇದನ್ನ ನೀವು ಕೊಟ್ಟಿದ್ದು ನೆವಿಯೊಗೆ. ಇದನ್ನ ವಾಪಸ್ ತಗೊಳ್ಳಿ. ನನಗೆ ಬೇಕಾದಾಗ ನಾನು ಬಂದು ಕೇಳ್ತೀನಿ."

ಅವಳು ಪಟ್ಟಿಯನ್ನು ಎತ್ತಿ ಅವನ ಅಂಗೈ ಮೇಲೆ ಇಟ್ಟಳು. ಅವನ ಬೆರಳುಗಳು ಅದನ್ನು ಮುಚ್ಚಿಕೊಳ್ಳುವ ತನಕ ಬಿಡಲಿಲ್ಲ. ಮುಚ್ಚಿಕೊಂಡ ಮೇಲೆ ಕೈ ತೆಗೆದಳು.